ಎರಡನೇ ಪರಿಶೀಲಕರ ಆರನೇ ಪ್ರಶ್ನೆ

ಸಾಬಣ್ಣ ಮೊದಲ ಸಲ ಆಸ್ಪತ್ರೆಗೆ ಬಂದಾಗ ಅವನ ಒಂದೇ ಕಾಲಲ್ಲಿ ಚಪ್ಪಲಿ ಇತ್ತು. ಇನ್ನೊಂದು ಎಲ್ಲಿ ಎಂದು ಡಾಕ್ಟರ್ ಕುಮುದಾ ಕೇಳಿದಾಗ ಬಗ್ಗಿ ನೋಡಿಕೊಂಡ. ಬಸ್ಸಿನಲ್ಲೋ ಮೆಟ್ಟಿಲ ಮೇಲೋ ಕಳಚಿ ಬಿದ್ದಿತ್ತು. ಬಿದ್ದದ್ದು ಅವನಿಗೆ ತಿಳಿದೇ ಇರಲಿಲ್ಲ.

“ಮೊಣಕಾಲ ಕೆಳಗ ಕಾಲು ನನ್ನವು ಅಲ್ಲೇನೋ ಅನಸ್ತೈತ್ರಿ,” ಎಂದ. “ಚಿವುಟಿಕೊಂಡ್ರೂ ಗೊತ್ತಾಗಂಗಿಲ್ಲ.”

ಕುಮುದಾ ಮೈಸೂರಿನವಳು. ನರರೋಗ ತಜ್ಞೆಯಾಗಿ ಹೈದರಾಬಾದಿಗೆ ಬಂದು ಹನ್ನೆರಡು ವರ್ಷವಾಗಿತ್ತು, ಮನೆ ತಾರ್ನಾಕದಲ್ಲಿ. ಆಸ್ಪತ್ರೆಯಲ್ಲಿ ದಿನವಿಡೀ ತೆಲುಗು, ಇಲ್ಲವೇ ಹಿಂದಿ. ಡಾಕ್ಟರು ಕನ್ನಡದಲ್ಲಿ ಮಾತಾಡಿದ್ದು ಕೇಳಿ ಸಾಬಣ್ಣನ ಹೆಂಡತಿ ಯಂಕಮ್ಮ ಅಲ್ಲಿಯವರೆಗೆ ಕಟ್ಟಿಟ್ಟಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಊರು ಸುರಪುರದ ಕಡೆ. ಮೊದಲು ಕಟ್ಟಡದ ಕೆಲಸಕ್ಕೆ ಬಂದವರು, ಆಮೇಲೆ ಸಾಬಣ್ಣ ಜೀಡಿಮೆಟ್ಲಾ ಕೈಗಾರಿಕಾ ಬಡಾವಣೆಯ ಒಂದು ಶೆಡ್ಡು ಸೇರಿದ. ಔಷಧಿ ಕಾರ್ಖಾನೆಗಳಿಂದ ಬರುವ ಖಾಲಿ ಡ್ರಮ್ಮುಗಳನ್ನು ಅಲ್ಲಿ ತೊಳೆದು ಮಾರುತ್ತಾರೆ. ಮಾಲಿಕ ‘ತಿನ್ನರ್’ ಎನ್ನುವ ನೀರಿನಂಥ ದ್ರಾವಣದಲ್ಲಿ ಬಟ್ಟೆ ಅದ್ದಿ, ಡ್ರಮ್ಮಿನೊಳಗೆ ತಲೆ ಹಾಕಿ ಒರೆಸುವುದು ಸಾಬಣ್ಣನ ಕೆಲಸ. ಧೂಳು ಬರಬಾರದೆಂದು ಬಾಗಿಲು ಹಾಕಿರುತ್ತಿದ್ದರು. ಸಂಜೆ ತಲೆ ತಿರುಗುತ್ತಿತ್ತು, ಬೆಳಿಗ್ಗೆ ಸರಿಹೋಗುತ್ತಿತ್ತು. ಎಂಟು ತಿಂಗಳಲ್ಲಿ ಕಾಲು ಹೋಯಿತು.

ನಾಲ್ಕು ತಿಂಗಳಲ್ಲಿ ಅದೇ ಶೆಡ್ಡಿನಿಂದ ಇನ್ನೂ ಆರು ಜನ ಬಂದರು. ಎಲ್ಲರಿಗೂ ಅದೇ ತೊಂದರೆ: ಪಾದ ಎತ್ತಲಾಗದು, ಅಂಗಿಯ ಗುಂಡಿ ಹಾಕಲಾಗದು. ನರಗಳಲ್ಲಿ ವಿದ್ಯುತ್ತು ಹರಿಯುವ ವೇಗ ಅಳೆದಾಗ ಏಳೂ ಜನರ ಗೆರೆಗಳು ಒಂದೇ ಬಗೆಯಲ್ಲಿ ಕುಗ್ಗಿದ್ದವು. ತಿನ್ನರಿನಲ್ಲಿ ನರಗಳನ್ನು ಕೆಡಿಸುವ ಹೆಕ್ಸೇನ್ ಎಂಬ ರಾಸಾಯನಿಕ ಇದೆ ಎಂದು ಕುಮುದಾಗೆ ಮೂರನೆಯವನು ಬಂದಾಗಲೇ ಅನುಮಾನ ಬಂದಿತ್ತು. ಏಳೂ ಜನಕ್ಕೆ ಕೆಲಸ ಬಿಡಿ ಎಂದಳು, ಬಿಟ್ಟರು.

ಮಾಲಿಕನಿಗೆ ಫೋನು ಮಾಡಿದರೆ, ನಾವು ಬಳಸುವುದು ಸಾಬೂನಿನ ನೀರು ಎಂದ. ಅವಳು ದೂರು ಬರೆದುಕೊಂಡು, ಕಾರ್ಖಾನೆಗಳ ತಪಾಸಣೆ ಮಾಡುವ ಸರ್ಕಾರಿ ಕಚೇರಿಗೆ ಹೋದಳು. ಅಲ್ಲಿನ ಅಧಿಕಾರಿ ಮಾರನೇ ವಾರ ಶೆಡ್ಡಿಗೆ ಹೋಗಿ ನೋಡಿ ಬಂದ, ಅವನಿಗೆ ಕಂಡದ್ದೂ ಸಾಬೂನಿನ ನೀರೇ. ಆದರೂ ಆತ ಒರಟ ಮನುಷ್ಯನಲ್ಲ. ಕುರ್ಚಿ ಎಳೆದು ಕೂರಿಸಿ ತೆಲುಗಿನಲ್ಲಿ ಹೇಳಿದ: “ನೀವು ಹೇಳುವುದು ನಿಜವಿರಬಹುದು ಮೇಡಂ. ಆದರೆ ಒಬ್ಬ ಡಾಕ್ಟರ ಮಾತಿನ ಮೇಲೆ ನಾನು ಏನು ಮಾಡಲಿ? ಎಲ್ಲಾದರೂ ಪ್ರಕಟವಾಗಿದ್ದರೆ ತನ್ನಿ. ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ. ಆಗ ಮೇಲಿನವರಿಗೆ ಬರೆಯಬಹುದು.”

ಹಾಗಾಗಿ ಕುಮುದಾ ಪ್ರಬಂಧ ಬರೆದಳು. ಅವಳ ಕೈಕೆಳಗೆ ಓದುತ್ತಿದ್ದ ನಿರೀಕ್ಷಾ ಎಂಬ ಕಿರಿಯ ವೈದ್ಯೆ ಕೋಷ್ಟಕಗಳನ್ನು ಮಾಡಿದಳು. ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಏಳು ಜನರ ಸಹಿಯನ್ನೋ ಹೆಬ್ಬೆಟ್ಟನ್ನೋ ತೆಗೆದುಕೊಂಡು, ಮೂರು ತಿಂಗಳಲ್ಲಿ ಮುಗಿಸಿದರು.

ಮೊದಲ ಪತ್ರಿಕೆ ಮೂರೇ ದಿನಕ್ಕೆ ಹಿಂದಕ್ಕೆ ಕಳಿಸಿತು. ‘ನಮ್ಮ ಓದುಗರಿಗೆ ಇದು ಆಸಕ್ತಿಯ ವಿಷಯವಾಗಲಾರದು.’ ಎರಡನೆಯದು ಇಟ್ಟುಕೊಂಡಿತು. ಅದರ ಜಾಲತಾಣದಲ್ಲಿ ಪ್ರಬಂಧದ ಹೆಸರಿನ ಮುಂದೆ ‘ಪರಿಶೀಲನೆಯಲ್ಲಿದೆ’ ಎಂದು ಹನ್ನೊಂದು ವಾರ ಇತ್ತು. ಕುಮುದಾ ದಿನಾ ಬೆಳಿಗ್ಗೆ ವಾರ್ಡಿಗೆ ಹೋಗುವ ಮೊದಲು ಅದನ್ನು ತೆರೆದು ನೋಡುವಳು. ಸಾಬಣ್ಣ ತಿಂಗಳಿಗೊಮ್ಮೆ ವ್ಯಾಯಾಮ ಕಲಿಯಲು ಬಂದಾಗಲೆಲ್ಲ ಕೇಳುವನು.

“ಅವ್ರ ಕಾಗದ ಬಂತೇನ್ರಿ?”

“ಇನ್ನೂ ಇಲ್ಲ ಸಾಬಣ್ಣ. ಓದ್ತಾ ಇದ್ದಾರೆ.”

“ಓದಲಿ ಬಿಡ್ರಿ. ಭಾಳ ದೊಡ್ಡದು ಬರದೀರೇನು?”

ಒಂಬತ್ತು ಪುಟ ಅಷ್ಟೆ.

ಹನ್ನೆರಡನೇ ವಾರ ಸಂಪಾದಕರ ಮಿಂಚಂಚೆ ಬಂತು. ಪತ್ರಿಕೆ ಇಂಥ ಪ್ರಬಂಧಗಳನ್ನು ಇಬ್ಬರು ತಜ್ಞರಿಗೆ ಓದಲು ಕೊಡುತ್ತದೆ, ಅವರ ಹೆಸರು ಬರೆದವರಿಗೆ ತಿಳಿಸುವುದಿಲ್ಲ. ಮೊದಲನೇ ಪರಿಶೀಲಕರು ಎರಡು ಸಾಲು ಬರೆದಿದ್ದರು: ಮುಖ್ಯವಾದ ಕೆಲಸ, ಪ್ರಕಟಿಸಿ. ಎರಡನೆಯವರು ಹದಿನಾಲ್ಕು ಪ್ರಶ್ನೆ ಕೇಳಿದ್ದರು. ಎಲ್ಲಕ್ಕೂ ಉತ್ತರ ಸಿಕ್ಕರೆ ಮತ್ತೆ ನೋಡುತ್ತೇವೆ, ಅರವತ್ತು ದಿನ ಸಮಯ ಎಂದಿದ್ದರು ಸಂಪಾದಕರು.

ನಿರೀಕ್ಷಾಗೆ ಸಿಟ್ಟು ಬಂದಿತ್ತು. ಕುಮುದಾಗೆ ಬರಲಿಲ್ಲ. ಪ್ರಶ್ನೆಗಳು ಸಭ್ಯವಾಗಿದ್ದವು, ಕೇಳಿದವರು ಒಂಬತ್ತು ಪುಟವನ್ನೂ ಗಮನವಿಟ್ಟು ಓದಿದ್ದರು. ಹನ್ನೆರಡು ಪ್ರಶ್ನೆಗಳಿಗೆ ಒಂದೇ ವಾರದಲ್ಲಿ ಉತ್ತರ ಬರೆದು ಮುಗಿಸಿದಳು. ಮೂರನೆಯದು ಮಾತ್ರ ಅವಳಿಗೆ ಕಸಿವಿಸಿ ಮಾಡಿತು. ರೋಗಿಗಳು ಮದ್ಯ ಸೇವಿಸುತ್ತಿರಲಿಲ್ಲ ಎಂದು ಬರೆದಿದ್ದೀರಿ, ಅದನ್ನು ಮತ್ತೊಮ್ಮೆ ಖಚಿತಪಡಿಸಿಕೊಂಡಿದ್ದೀರಾ?

ಅವಳು ಖಚಿತಪಡಿಸಿಕೊಳ್ಳಲೇಬೇಕಾಯಿತು. ಸಾಬಣ್ಣ ನೆಲ ನೋಡುತ್ತ ಕೇಳಿಸಿಕೊಂಡ.

“ನಮ್ಮಪ್ಪ ಕುಡದು ಸತ್ತಾನ್ರಿ. ಅದಕ್ಕ ನಾ ಮುಟ್ಟಿಲ್ಲ. ನೀವು ಆಗಲೂ ಕೇಳಿದ್ರಿ, ಆಗಲೂ ಇದನ್ನ ಹೇಳೀನಿ.”

“ನನಗೆ ಗೊತ್ತು. ಅವರು ಕೇಳ್ತಿದ್ದಾರೆ.”

“ಕುಡೀತಾನ ಅಂತ ಬರದ್ರ ಅವ್ರಿಗೆ ಸಮಾಧಾನ ಆಗತೈತೇನ್ರಿ?”

ಕುಮುದಾ ಕಾಗದದ ಮೇಲೆ ‘ಎರಡನೇ ಬಾರಿ ವಿಚಾರಿಸಲಾಗಿದೆ’ ಎಂದು ಗುರುತು ಮಾಡಿಕೊಂಡಳು.

ಉಳಿದದ್ದು ಆರನೇ ಪ್ರಶ್ನೆ. ಹೆಕ್ಸೇನ್ ಮೈಗೆ ಸೇರಿದರೆ ಅದರ ಕುರುಹು ಮೂತ್ರದಲ್ಲಿ ಸಿಗಬೇಕು, ಅಳೆದಿದ್ದೀರಾ? ಅಳೆಯದಿದ್ದರೆ ಈ ರೋಗಕ್ಕೆ ಆ ದ್ರಾವಣವೇ ಕಾರಣ ಎಂಬುದು ಊಹೆಯಾಗಿಯೇ ಉಳಿಯುತ್ತದೆ.

ಪ್ರಶ್ನೆ ಸರಿಯಾಗಿತ್ತು. ಬೇರೆಯವರ ಪ್ರಬಂಧ ತನ್ನ ಕೈಗೆ ಬಂದಿದ್ದರೆ ಅವಳೂ ಅದನ್ನೇ ಕೇಳುತ್ತಿದ್ದಳು. ಆದರೆ ಕೆಲಸ ಬಿಟ್ಟ ನಾಲ್ಕೈದು ದಿನಕ್ಕೆ ಆ ಕುರುಹು ಮೈಯಿಂದ ಹೊರಟುಹೋಗುತ್ತದೆ. ಏಳು ಜನರೂ ಅವಳ ಮಾತು ಕೇಳಿ ಕೆಲಸ ಬಿಟ್ಟು ತಿಂಗಳುಗಳಾಗಿದ್ದವು. ಮೊದಲ ದಿನಗಳಲ್ಲೇ ಮಾದರಿ ತೆಗೆದಿಡಬೇಕಿತ್ತು. ಆಗ ಅವಳ ಮನಸ್ಸು ಇದ್ದದ್ದು ಅವರನ್ನು ಅಲ್ಲಿಂದ ಬಿಡಿಸುವುದರಲ್ಲಿ.

ಇದನ್ನೆಲ್ಲ ವಿವರಿಸಿ ಸಂಪಾದಕರಿಗೆ ಬರೆದಳು. ಎರಡು ದಿನದಲ್ಲಿ ಉತ್ತರ ಬಂತು. ‘ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಪರಿಶೀಲಕರ ಆಕ್ಷೇಪ ಮೂಲಭೂತವಾದದ್ದು. ಅಲ್ಲಿ ಈಗಲೂ ಕೆಲಸ ಮಾಡುತ್ತಿರುವ ಬೇರೆ ಯಾರಿಂದಾದರೂ ಮಾದರಿ ಪಡೆಯಲು ಸಾಧ್ಯವೇ?’

ಒಂದು ಭಾನುವಾರ ಬೆಳಿಗ್ಗೆ ಕುಮುದಾ ಮತ್ತು ನಿರೀಕ್ಷಾ ಜೀಡಿಮೆಟ್ಲಾಕ್ಕೆ ಹೋದರು. ತಗಡಿನ ಮನೆಗಳ ಸಾಲಿನಲ್ಲಿ ಸಾಬಣ್ಣನದು ಕೊನೆಯದು. ಶೆಡ್ಡಿನಲ್ಲಿ ಈಗ ಕೆಲಸ ಮಾಡುವ ನಾಲ್ಕು ಜನ ಅದೇ ಸಾಲಿನಲ್ಲಿದ್ದರು. ಒಬ್ಬನೂ ಒಪ್ಪಲಿಲ್ಲ. ಹುಲಗೇಶ ಎಂಬವನು ಬಾಗಿಲಲ್ಲೇ ನಿಂತು, “ನಮ್ಮ ಹೆಸರು ಎಲ್ಲೀನೂ ತಗೀಬ್ಯಾಡ್ರಿ ಮೇಡಂ, ಕೈ ಮುಗೀತೀನಿ,” ಎಂದು ಒಳಗೆ ಹೋದ.

ಸಾಬಣ್ಣನ ಮನೆಯಲ್ಲಿ ಚಾಪೆಯ ಮೇಲೆ ಕೂತು ಕುಮುದಾ ಅವನಿಗೆ ಪ್ರಶ್ನೆಯ ಅರ್ಥ ಬಿಡಿಸಿ ಹೇಳಿದಳು. ಪಕ್ಕದಲ್ಲಿ ಯಂಕಮ್ಮ ರೊಟ್ಟಿ ಬಡಿಯುತ್ತಿದ್ದಳು, ನಡುವೆ ಒಮ್ಮೆ ಕೈ ನಿಲ್ಲಿಸಿದಳು.

“ಈಗ ಕೆಲಸ ಮಾಡಾಕತ್ತೋರ ಉಚ್ಚಿನ ಆಗಬೇಕೇನ್ರಿ?”

“ಹೌದು. ಕೆಲಸ ಮುಗಿಸಿ ಬಂದ ದಿನವೇ ಕೊಡಬೇಕು.”

ಯಂಕಮ್ಮ ಮತ್ತೆ ರೊಟ್ಟಿ ಬಡಿದಳು. ಸಾಬಣ್ಣ ಅವಳ ಕಡೆ ನೋಡಿ, ಕೂಡಲೇ ಮುಖ ತಿರುಗಿಸಿದ. ಆಗ ಕುಮುದಾಗೆ ಅದರ ಅರ್ಥ ಆಗಲಿಲ್ಲ.

ಹತ್ತು ದಿನದ ಮೇಲೆ ಯಂಕಮ್ಮ ಒಬ್ಬಳೇ ಆಸ್ಪತ್ರೆಗೆ ಬಂದಳು. ಚೀಲದಿಂದ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ನೀರಿನ ಬಾಟಲಿಯೊಂದನ್ನು ತೆಗೆದು ಮೇಜಿನ ಮೇಲೆ ಇಡದೆ, ಕೈಯಲ್ಲೇ ಹಿಡಿದು ನಿಂತಳು.

“ನಿನ್ನಿ ಸಂಜಿದು ಐತ್ರಿ. ಕೆಲಸ ಬಿಟ್ಟು ಬಂದ ಕೂಡ್ಲೇ ಹಿಡದೀನಿ.”

“ಯಾರದು?”

“ನಂದೇ.”

ಸಾಬಣ್ಣ ಬಿಟ್ಟ ಜಾಗಕ್ಕೆ ಮೂರು ತಿಂಗಳ ಹಿಂದೆಯೇ ಮಾಲಿಕ ಅವಳನ್ನು ಕರೆದಿದ್ದ. ಅವಳು ಹೋಗುತ್ತಿದ್ದಳು. ಡಾಕ್ಟರಿಗೆ ಹೇಳಬೇಡ ಎಂದು ಗಂಡನಿಂದ ಮಾತು ತೆಗೆದುಕೊಂಡಿದ್ದಳು.

ಬಾಟಲಿ ನೋಡಿದ ಆ ಗಳಿಗೆಯಲ್ಲಿ ಕುಮುದಾಗೆ ಮೊದಲು ಆದದ್ದು ಸಂತೋಷ. ಆರನೇ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದು ಎದೆ ಹಗುರಾಯಿತು. ಅದು ಒಂದೆರಡು ಉಸಿರಿನಷ್ಟು ಹೊತ್ತು ಮಾತ್ರ. ಆಮೇಲೆ ಬಂದ ನಾಚಿಕೆ ಎಷ್ಟೋ ತಿಂಗಳು ಅವಳನ್ನು ಬಿಡಲಿಲ್ಲ.

“ಏನ್ ಯಂಕಮ್ಮ ಇದು? ಅವರ ಕಾಲು ನೋಡಿಯೂ ಹೋದ್ರಾ?”

“ಮತ್ತೇನ್ ಮಾಡ್ಲಿರಿ? ಇಬ್ರೂ ಕುಂತ್ರ ಮನಿ ನಡೀಬೇಕಲ್ರಿ. ನಾ ಬಾಗಲ ಹತ್ರನ ಕುಂತು ಒರಸ್ತೀನ್ರಿ, ಅವ್ರಂಗ ಒಳಗ ತಲಿ ಹಾಕಂಗಿಲ್ಲ.”

ಕುಮುದಾ ಅವಳನ್ನು ಮಂಚದ ಮೇಲೆ ಕೂರಿಸಿ ರಬ್ಬರಿನ ಪುಟ್ಟ ಸುತ್ತಿಗೆಯಿಂದ ಹಿಮ್ಮಡಿಯ ಮೇಲೆ ತಟ್ಟಿದಳು. ಅಲುಗಬೇಕಿದ್ದ ಪಾದ ಅಲುಗಲಿಲ್ಲ. ಮತ್ತೊಮ್ಮೆ ತಟ್ಟಿದಳು. ಬೆರಳ ತುದಿಯಲ್ಲಿ ಜುಮುಜುಮು ಇದೆಯೇ ಎಂದರೆ, ಇರುವೆ ಹರಿದಾಡಿದಂತೆ ಆಗುತ್ತದೆ, ಅದು ರೊಟ್ಟಿ ಬಡಿದು ಬಡಿದು ಇರಬೇಕು ಎಂದಳು ಯಂಕಮ್ಮ.

ಬಾಟಲಿಯನ್ನು ಕುಮುದಾ ಪರಿಚಯದ ರಸಾಯನ ತಜ್ಞ ಯಶವಂತನ ಪ್ರಯೋಗಾಲಯಕ್ಕೆ ಕಳಿಸಿದಳು. ನಾಲ್ಕನೇ ದಿನ ಅವನು ಫೋನು ಮಾಡಿದ. ಕುರುಹು ಇರಬಹುದಾದ ಮಿತಿಗಿಂತ ಒಂಬತ್ತು ಪಟ್ಟು ಹೆಚ್ಚಿತ್ತು.

ಫಲಿತಾಂಶ ಹಿಡಿದುಕೊಂಡು ಅವಳು ಆಸ್ಪತ್ರೆಯ ನೈತಿಕ ಸಮಿತಿಯ ಅಧ್ಯಕ್ಷ ಹಣಮಂತರಾಯರ ಬಳಿಗೆ ಹೋದಳು. ರೋಗಿಗಳಿಂದ ಏನು ತೆಗೆದುಕೊಳ್ಳಬಹುದು, ಏನು ತೆಗೆದುಕೊಳ್ಳಬಾರದು ಎಂದು ಹೇಳುವವರು ಅವರೇ. ರಾಯಚೂರಿನ ಹಿರಿಯರು, ಅವಳನ್ನು ಮಗಳಂತೆ ಕಾಣುವವರು. ಕನ್ನಡಕ ತೆಗೆದಿಟ್ಟು ಪೂರ್ತಿ ಕೇಳಿದರು.

“ಕುಮುದಾ, ನಿನ್ನ ಅರ್ಜಿಯೊಳಗ ಮೂತ್ರದ ಮಾತ ಇಲ್ಲ. ಈಕಿ ನಿನ್ನ ಏಳು ಮಂದ್ಯಾಗೂ ಇಲ್ಲ. ಒಪ್ಪಿಗಿ ಕಾಗದ ಇಲ್ಲ.”

“ಅವಳೇ ತಂದುಕೊಟ್ಟಿದ್ದು ಸರ್.”

“ತಂದುಕೊಟ್ಟದ್ದರಿಂದನ ನನಗ ಅಂಜಿಕಿ. ನಿನ್ನ ಸಂಶೋಧನಾಕ್ಕ ಅಂತ ಒಬ್ಬಾಕಿ ವಿಷದಾಗ ಕೆಲಸ ಮಾಡ್ಯಾಳ ಅಂತ ನಾಳೆ ಯಾರರ ಬರದ್ರ? ಹಿಂದಿನ ತಾರೀಖಿಗೆ ಒಪ್ಪಿಗಿ ಕೊಡಾಕ ಬರಂಗಿಲ್ಲವ್ವ. ಹೊಸ ಅರ್ಜಿ ಹಾಕು. ಸಮಿತಿ ಕೂಡೂದು ಇನ್ನ ಐದು ವಾರಕ್ಕ. ಆಮ್ಯಾಲ ಹೊಸದಾಗಿ ಮಾದರಿ ತಗೋ.”

“ಅಂದ್ರೆ ಅವಳು ಐದು ವಾರ ಅಲ್ಲೇ ಕೆಲಸ ಮಾಡ್ತಿರಬೇಕು.”

ಹಣಮಂತರಾಯರು ಕನ್ನಡಕ ಹಾಕಿಕೊಂಡರು. “ಅದನ್ನ ನಾ ಹೇಳಲಿಲ್ಲ,” ಎಂದರು.

ಯಂಕಮ್ಮನಿಗೆ ಈ ಸಂಗತಿ ಹೇಳಬಾರದಿತ್ತು. ಆದರೆ ಅವಳು ಬಾಟಲಿ ಏನಾಯಿತೆಂದು ಕೇಳಲು ಬಂದಾಗ ಕುಮುದಾಗೆ ಸುಳ್ಳು ಹೇಳಲಾಗಲಿಲ್ಲ.

“ಐದ ವಾರ ಅಲ್ರಿ? ಮಾಡ್ತೀನ್ರಿ,” ಎಂದಳು ಯಂಕಮ್ಮ. “ಮೂರು ತಿಂಗಳ ಮಾಡೀನಂತ.”

“ಬೇಡ. ನಾಳೆಯಿಂದಲೇ ಹೋಗಬೇಡಿ.”

“ಹಂಗಾರ ಆ ಕಾಗದ?”

“ಕಾಗದ ಹಾಗೇ ಇರಲಿ.”

“ಇವ್ರ ಕಾಲಿನ ಕೆಲಸಕ್ಕ ಅದು ಬೇಕಂದಿದ್ರಲ್ರಿ ಆ ಆಫೀಸಿನ್ಯಾಗ. ನಾ ಮಾಡ್ತೀನಿ ಅಂದ್ರೂ ಬ್ಯಾಡ ಅಂತೀರಿ.”

ಯಂಕಮ್ಮನ ದನಿಯಲ್ಲಿ ಜಗಳವಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದಳು. ಕುಮುದಾ ಎದ್ದು ಅವಳನ್ನು ಕರೆದುಕೊಂಡು ಆಸ್ಪತ್ರೆಯ ಅಡುಗೆಮನೆಗೆ ಹೋದಳು. ರೋಗಿಗಳ ಅಡುಗೆಯ ಗುತ್ತಿಗೆ ಹಿಡಿದಿದ್ದ ಸೀತಾರಾಮನಿಗೆ ಹಿಂದೆ ಅವಳು ಪಾರ್ಶ್ವವಾಯುವಿನ ಚಿಕಿತ್ಸೆ ಮಾಡಿದ್ದಳು. ಅವನು ಹೆಚ್ಚು ಪ್ರಶ್ನೆ ಕೇಳದೆ ಯಂಕಮ್ಮನನ್ನು ತರಕಾರಿ ಹೆಚ್ಚುವ ಕೆಲಸಕ್ಕೆ ಹಾಕಿಕೊಂಡ. ಆ ಒಂದು ವರ್ಷದಲ್ಲಿ ಕುಮುದಾ ಅಂದುಕೊಂಡಂತೆ ನಡೆದದ್ದು ಅದೊಂದೇ.

ಅರವತ್ತನೇ ದಿನ ಉತ್ತರಗಳನ್ನು ಕಳಿಸಿದಳು. ಆರನೇ ಪ್ರಶ್ನೆಯ ಕೆಳಗೆ ಇದ್ದದ್ದನ್ನು ಇದ್ದ ಹಾಗೆ ಬರೆದಳು: ಒಂದು ಮಾದರಿ ಪರೀಕ್ಷೆಯಾಗಿದೆ, ಫಲಿತಾಂಶ ನಮ್ಮ ವಾದಕ್ಕೆ ಪೂರಕವಾಗಿದೆ, ಆದರೆ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಪಡೆದದ್ದಾದ್ದರಿಂದ ಅದನ್ನು ಇಲ್ಲಿ ಬಳಸುತ್ತಿಲ್ಲ. ಮತ್ತೊಂದು ಮಾದರಿಗಾಗಿ ಯಾರನ್ನೂ ಆ ಕೆಲಸದಲ್ಲಿ ಇರಿಸಲು ನಾವು ಸಿದ್ಧರಿಲ್ಲ.

‘ಯಾರನ್ನೂ ಇರಿಸಲು ಸಿದ್ಧರಿಲ್ಲ’ ಎಂಬುದನ್ನು ತೆಗೆಯೋಣ ಎಂದಳು ನಿರೀಕ್ಷಾ, ಜಗಳದ ಹಾಗೆ ಕಾಣುತ್ತದೆ. ಕುಮುದಾ ತೆಗೆಯಲಿಲ್ಲ.

ಮೂರು ವಾರಕ್ಕೆ ಉತ್ತರ ಬಂತು. ಸಂಪಾದಕರು ನಿಜವಾಗಿಯೂ ಖೇದಪಟ್ಟಿದ್ದರು. ಎರಡನೇ ಪರಿಶೀಲಕರ ಟಿಪ್ಪಣಿಯನ್ನೂ ಲಗತ್ತಿಸಿದ್ದರು: ‘ಲೇಖಕರ ಪ್ರಾಮಾಣಿಕತೆಯನ್ನು ಮೆಚ್ಚುತ್ತೇನೆ. ಅವರು ಹೇಳುವುದು ಬಹುಶಃ ನಿಜ. ಆದರೆ ಪುರಾವೆ ಇಲ್ಲದೆ ಪ್ರಕಟಣೆಗೆ ಶಿಫಾರಸು ಮಾಡಲಾರೆ.’ ಪ್ರಬಂಧ ತಿರಸ್ಕೃತವಾಗಿತ್ತು.

ಅವಳು ಆ ಟಿಪ್ಪಣಿಯನ್ನು ಎರಡು ಸಲ ಓದಿದಳು. ಕೆಟ್ಟವರೊಬ್ಬರು ಸಿಕ್ಕಿದ್ದರೆ ಬೈದಾದರೂ ಹಗುರಾಗಬಹುದಿತ್ತು.

ಅಷ್ಟರಲ್ಲಿ ನೈತಿಕ ಸಮಿತಿ ಕೂಡಿ ಅವಳು ಹಾಕಿದ್ದ ಹೊಸ ಅರ್ಜಿಗೆ ಒಪ್ಪಿಗೆ ಕೊಟ್ಟಿತ್ತು. ಕುಮುದಾ ಆ ಕಾಗದ ಹಿಡಿದು, ಉಳಿದ ನಾಲ್ವರನ್ನು ಇನ್ನೊಮ್ಮೆ ಕೇಳಿ ನೋಡೋಣವೆಂದು ಜೀಡಿಮೆಟ್ಲಾಕ್ಕೆ ಹೋದಳು. ಶೆಡ್ಡಿಗೆ ಬೇರೆ ಬಣ್ಣ ಬಳಿದಿದ್ದರು. ಒಳಗೆ ರಟ್ಟಿನ ಪೆಟ್ಟಿಗೆಗಳ ಗೋದಾಮು. ಕಾವಲುಗಾರ, ಡ್ರಮ್ಮಿನವರು ಖಾಲಿ ಮಾಡಿ ಹದಿನೈದು ದಿನವಾಯಿತು, ಹೊರವರ್ತುಲ ರಸ್ತೆಯ ಆಚೆ ಎಲ್ಲೋ ಹೋದರು, ಈಗ ಒಡಿಶಾದ ಆಳುಗಳಂತೆ ಎಂದ. ಹುಲಗೇಶನ ಮನೆಗೆ ಬೀಗ ಬಿದ್ದಿತ್ತು.

ಮೂರನೇ ಪತ್ರಿಕೆ ದೇಶದ್ದೇ, ಸಣ್ಣದು. ಪ್ರಬಂಧ ಬೇಡ, ಸಂಪಾದಕರಿಗೆ ಪತ್ರದ ರೂಪದಲ್ಲಿ ಒಂದು ಪುಟಕ್ಕೆ ಇಳಿಸಿಕೊಟ್ಟರೆ ಹಾಕುತ್ತೇವೆ ಎಂದರು. ಒಂಬತ್ತು ಪುಟವನ್ನು ಕುಮುದಾ ಒಂದಕ್ಕೆ ಇಳಿಸಿದಳು. ಎಲ್ಲ ಮುಗಿದು ಅಚ್ಚಿಗೆ ಹೋಗುವ ಹಿಂದಿನ ವಾರ ಅಲ್ಲಿಂದ ಇನ್ನೊಂದು ಮಿಂಚಂಚೆ ಬಂತು. ನಮ್ಮ ವಕೀಲರ ಸಲಹೆಯಂತೆ ಘಟಕದ ವಿವರ, ಬಡಾವಣೆಯ ಹೆಸರು, ನಗರದ ಹೆಸರು ತೆಗೆಯಬೇಕಾಗಿದೆ, ದಯವಿಟ್ಟು ಸಹಕರಿಸಿ.

ಜಾಗದ ಹೆಸರಿಲ್ಲದಿದ್ದರೆ ಇದರಿಂದ ಆ ಕೆಲಸಗಾರರಿಗೆ ಉಪಯೋಗವಿಲ್ಲ ಎಂದು ಅವಳು ಉದ್ದಕ್ಕೆ ಬರೆದಳು. ‘ವೈಜ್ಞಾನಿಕ ಮೌಲ್ಯಕ್ಕೆ ಇದರಿಂದ ಧಕ್ಕೆ ಇಲ್ಲ’ ಎಂದು ಒಂದು ಸಾಲಿನ ಉತ್ತರ ಬಂತು. ಅದೂ ನಿಜವೇ. ಅಚ್ಚಾಗಿ ಬಂದರೆ ಬೇರೆ ಯಾವುದಾದರೂ ಊರಿನ ಡಾಕ್ಟರಿಗಾದರೂ ತಿಳಿದೀತು ಎಂದಳು ನಿರೀಕ್ಷಾ. ಮೂರು ದಿನ ಯೋಚಿಸಿ ಕುಮುದಾ ಒಪ್ಪಿಗೆ ಬರೆದಳು. ಪತ್ರ ‘ದಕ್ಷಿಣ ಭಾರತದ ಒಂದು ಕೈಗಾರಿಕಾ ಪ್ರದೇಶ’ ಎಂದು ಶುರುವಾಗಿ ಅಚ್ಚಾಯಿತು.

ಅದನ್ನು ಸರ್ಕಾರಿ ಕಚೇರಿಗೆ ತೆಗೆದುಕೊಂಡು ಹೋದಳು. ಅದೇ ಅಧಿಕಾರಿ ಅವಳ ಗುರುತು ಹಿಡಿದು ಚಹಾ ತರಿಸಿದ. ಬೆರಳಿಟ್ಟು ಸಾಲು ಸಾಲಾಗಿ ಓದಿದ. ಮುಗಿದ ಮೇಲೆ ತಲೆಯೆತ್ತಿದ.

“ಇಂದುಲೋ ಜೀಡಿಮೆಟ್ಲಾ ಎಕ್ಕಡುಂದಿ ಮೇಡಂ?” ಎಂದ. ಇದರಲ್ಲಿ ಜೀಡಿಮೆಟ್ಲಾ ಎಲ್ಲಿದೆ?

ಇಲ್ಲ ಎಂದಳು. ಶೆಡ್ಡೂ ಈಗ ಅಲ್ಲಿಲ್ಲ, ಅಲ್ಲವೇ ಎಂದ. ಅದಕ್ಕೂ ಅವಳು ಹೌದೆನ್ನಬೇಕಾಯಿತು. ಆತ ಕಾಗದದ ಒಂದು ಪ್ರತಿ ಇಟ್ಟುಕೊಂಡು, ಕಡತಕ್ಕೆ ಸೇರಿಸುತ್ತೇನೆ ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟ.

ಮಾರನೇ ದಿನ ವ್ಯಾಯಾಮದ ಕೋಣೆಯಿಂದ ಸಾಬಣ್ಣ ಕೋಲೂರಿಕೊಂಡು ಬಂದ. ಪಾದಕ್ಕೆ ಆಸರೆ ಕಟ್ಟಿದ ಮೇಲೆ ಸ್ವಲ್ಪ ದೂರ ನಡೆಯುತ್ತಿದ್ದ. ಅಡುಗೆಮನೆಯಿಂದ ಯಂಕಮ್ಮನೂ ಬಂದಳು, ಕೈ ಇನ್ನೂ ಒದ್ದೆಯಿತ್ತು. ಅವಳ ಬೆರಳಿನ ಜುಮುಜುಮು ಕಡಿಮೆಯಾಗುತ್ತ ಬಂದಿತ್ತು. ಕುಮುದಾ ಅಚ್ಚಾದ ಪುಟವನ್ನು ಮೇಜಿನ ಮೇಲೆ ಹರಡಿದಳು.

“ಇದೇ ಸಾಬಣ್ಣ, ನಾನು ಬರೆದದ್ದು. ಪ್ರಿಂಟ್ ಆಯ್ತು. ಆದರೆ ಆಫೀಸಿನವರು ಇದು ಸಾಲದು ಅಂತಾರೆ.”

ಸಾಬಣ್ಣ ಪುಟವನ್ನು ಹತ್ತಿರಕ್ಕೆ ಎಳೆದುಕೊಂಡ. ಅವನಿಗೆ ಓದಲು ಬಾರದು.

“ನಾ ಎಲ್ಲಿ ಅದೀನ್ರಿ ಇದರಾಗ?”

ಅವಳು ಕೋಷ್ಟಕದ ಮೊದಲ ಸಾಲು ತೋರಿಸಿದಳು. ರೋಗಿ ಒಂದು, ಗಂಡು, ಮೂವತ್ತನಾಲ್ಕು ವರ್ಷ. ಅವನು ಅದರ ಮೇಲೆ ಬೆರಳಿಟ್ಟು ಹಾಗೇ ಕೂತ. ಉಳಿದ ಆರು ಸಾಲುಗಳಲ್ಲಿ ಯಾರು ಯಾರು ಎಂದು ಕೇಳಿ ತಿಳಿದುಕೊಂಡ.

“ನಂದು ಇಲ್ಲೇನ್ರಿ?” ಎಂದಳು ಯಂಕಮ್ಮ.

“ನೀವಿಲ್ಲ ಯಂಕಮ್ಮ. ಸೇರಿಸೋಕೆ ಆಗ್ಲಿಲ್ಲ.”

ಯಂಕಮ್ಮ ಪುಟವನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು.

“ಅದನ್ನ ಓದಿ ಯಾರರ ಏನರ ಮಾಡ್ತಾರೇನ್ರಿ?”

“ಗೊತ್ತಿಲ್ಲ,” ಎಂದಳು ಕುಮುದಾ.

ಯಂಕಮ್ಮ ತಲೆಯಾಡಿಸಿದಳು. ಮಧ್ಯಾಹ್ನದ ಊಟದ ಗಾಡಿ ಹೊರಡುವ ಹೊತ್ತಾಗಿತ್ತು. ಗಂಡನಿಗೆ, ಇಲ್ಲೇ ಕುಂತಿರು, ಎರಡಕ್ಕ ಬರ್ತೀನಿ ಎಂದು ಹೇಳಿ ಅಡುಗೆಮನೆಯ ಕಡೆ ಹೋದಳು.